ತಂಬಾಕು ರೆಗ್ಯುಲೇಟರಿ ಸೈನ್ಸ್: ಎಲ್ಲಾ ಲ್ಯಾಬ್‌ಗಳೂ ಹಂಚ್ಕೊಂಡು ಬಳಸೋ ಡೇಟಾ, ಸಿಗರೇಟು, ಸ್ಯಾಂಪಲ್‌ಗಳ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಅಮೆರಿಕಕ್ಕೆ ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್), ಬಯೋಸ್ಟ್ಯಾಟ್, ಕೆಮಿಸ್ಟ್ರಿ ಅಂತ ಓದೋಕೆ ಬಂದ ನಮ್ಮ ಕಡೆ ಮಕ್ಕಳಲ್ಲಿ ಕೆಲವರು ತಂಬಾಕು ರಿಸರ್ಚ್ ಮಾಡೋ ಗ್ರೂಪಿಗೆ ರಿಸರ್ಚ್ ಅಸಿಸ್ಟೆಂಟ್ ಆಗಿ ಸೇರ್ಕೋತಾರೆ, ಸೇರಿದ ವಾರದಲ್ಲೇ ಮೆಸೇಜ್ ಶುರು, ಅಣ್ಣಾ ಈ ಪಾತ್ ಡೇಟಾ ಅಂದ್ರೇನು, ರೆಫರೆನ್ಸ್ ಸಿಗರೇಟು ಅಂಗಡೀಲಿ ಸಿಗತ್ತಾ ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಎಲ್ಲಾ ಒಂದೇ ಕಡೆ ಹಾಕಿದೀನಿ. ಓದೋಕೆ ಬಂದವರಲ್ಲದೆ ಸುಮ್ನೆ ಕುತೂಹಲಕ್ಕೆ ಕೇಳೋರಿಗೂ ಅರ್ಥ ಆಗ್ಲಿ ಅಂತ ಬರ್ದಿದೀನಿ.

ಸಿಗರೇಟ್ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತಲ್ಲ, ಇನ್ನೇನು ರಿಸರ್ಚ್ ಬಾಕಿ ಇದೆ?

ಕೆಟ್ಟದ್ದು ಅನ್ನೋದು ಹಳೇ ವಿಷಯ. 2009ರ ಜೂನ್ 22ಕ್ಕೆ ಒಬಾಮಾ ಸಹಿ ಹಾಕಿದ ಕಾಯ್ದೆ ಬಂತಲ್ಲ, ಅದರಿಂದ ಅಲ್ಲಿನ ಎಫ್‌ಡಿಎಗೆ, ಅಂದ್ರೆ ಆಹಾರ, ಔಷಧ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆಗೆ, ತಂಬಾಕು ಪ್ರಾಡಕ್ಟ್‌ಗಳ ಮೇಲೆ ಅಧಿಕಾರ ಸಿಕ್ತು, ಯಾವುದು ಮಾರ್ಕೆಟ್‌ಗೆ ಬರಬಹುದು, ಒಳಗೆ ಏನಿರಬಹುದು, ಪ್ಯಾಕ್ ಮೇಲೆ ಏನು ಬರೀಬೇಕು ಅಂತೆಲ್ಲ. ಆದ್ರೆ ಅಧಿಕಾರ ಇದ್ದ ಮಾತ್ರಕ್ಕೆ ಆಗಲ್ಲ, ಒಂದೊಂದು ರೂಲಿಗೂ ಪುರಾವೆ ಬೇಕು, ಯಾಕಂದ್ರೆ ರೂಲ್ ಬಂದ ಮಾರನೇ ದಿನ ಕಂಪನಿಗಳು ಕೋರ್ಟಿಗೆ ಹೋಗ್ತವೆ. ಪ್ಯಾಕ್ ಮೇಲಿನ ದೊಡ್ಡ ಚಿತ್ರಗಳ ಕಥೆ ನೋಡಿ. 2012ರಲ್ಲಿ ವಾಷಿಂಗ್ಟನ್ ಡಿಸಿಯ ಅಪೀಲ್ಸ್ ಕೋರ್ಟು ಆ ಚಿತ್ರಗಳನ್ನ ಹೊಡೆದು ಹಾಕ್ತು, ಚಿತ್ರ ಹಾಕಿದ್ರೆ ಸೇದೋರು ಕಡಿಮೆ ಆಗ್ತಾರೆ ಅನ್ನೋದಕ್ಕೆ ನೀವು ಸಾಕ್ಷಿ ಕೊಟ್ಟಿಲ್ಲ ಅಂತ. ಮತ್ತೆ ಸ್ಟಡಿ ಮಾಡಿ, ಚಿತ್ರಗಳನ್ನ ಟೆಸ್ಟ್ ಮಾಡಿ, 2020ರಲ್ಲಿ ಹೊಸ ರೂಲ್ ತಂದ್ರು, ಅದೂ ಕೋರ್ಟಿಗೆ ಹೋಯ್ತು, 2024ರಲ್ಲಿ ಇನ್ನೊಂದು ಅಪೀಲ್ಸ್ ಕೋರ್ಟು ಎತ್ತಿ ಹಿಡೀತು. ಹೀಗೆ ರೂಲ್ ಮಾಡೋಕೆ, ಮಾಡಿದ್ದನ್ನ ಉಳಿಸ್ಕೊಳ್ಳೋಕೆ ಬೇಕಾದ ವಿಜ್ಞಾನಕ್ಕೇ ರೆಗ್ಯುಲೇಟರಿ ಸೈನ್ಸ್ ಅಂತಾರೆ.

ಅದಕ್ಕೆ ಹಂಚ್ಕೊಳ್ಳೋ ಸೌಲಭ್ಯ ಯಾಕೆ? ಒಂದೊಂದು ಯೂನಿವರ್ಸಿಟಿ ಅದರ ಪಾಡಿಗೆ ಮಾಡಬಹುದಲ್ವಾ?

ಮಾಡಬಹುದು, ಆದ್ರೆ ಊರಿಗೊಂದು ಸೇರು ಇಟ್ಕೊಂಡು ಭತ್ತ ಅಳೆದ ಹಾಗಾಗತ್ತೆ. ಒಂದು ಲ್ಯಾಬು ಒಂದು ಬ್ರಾಂಡ್ ತಗೊಂಡು ಹೊಗೇಲಿರೋ ಫಾರ್ಮಾಲ್ಡಿಹೈಡ್ ಅನ್ನೋ ವಿಷ ಅಳೀತು, ಇನ್ನೊಂದು ಲ್ಯಾಬು ಬೇರೆ ಬ್ರಾಂಡು ಬೇರೆ ಮೆಷಿನ್ ಸೆಟ್ಟಿಂಗಲ್ಲಿ ಅಳೀತು, ಎರಡು ನಂಬರ್ ಬಂತು, ಯಾವುದನ್ನ ನಂಬೋದು? ಕಂಪನಿ ವಕೀಲರಿಗೆ ಇದಕ್ಕಿಂತ ಒಳ್ಳೇ ಉಡುಗೊರೆ ಇಲ್ಲ. ಇಲ್ಲಿ ಬುದ್ಧಿವಂತ ಐಡಿಯಾಗಳಿಗೆ ಯಾವತ್ತೂ ಬರ ಇಲ್ಲ, ನನ್ನ ಪ್ರಕಾರ ಎಲ್ಲರೂ ಒಂದೇ ಸಿಗರೇಟು, ಒಂದೇ ಪ್ರಶ್ನೆ, ಒಂದೇ ಅಳತೆ ಬಳಸೋದೇ ದೊಡ್ಡ ಕೆಲಸ, ಬೇಜಾರು ಹಿಡಿಸೋ ಕೆಲಸ ಅಂತಾನೂ ಹೇಳಬಹುದು. ಆದ್ರೆ ಕೋರ್ಟಲ್ಲಿ ನಿಲ್ಲೋದು ಅದೇ.

ರೆಫರೆನ್ಸ್ ಸಿಗರೇಟ್ ಅಂದ್ರೆ ಏನು? ಎಲ್ಲಿ ಮಾಡ್ತಾರೆ?

ಅಂಗಡೀಲಿ ಸಿಗಲ್ಲ, ಮೊದಲೇ ಹೇಳಿಬಿಡ್ತೀನಿ. ಕೆಂಟಕಿ ಯೂನಿವರ್ಸಿಟೀಲಿ ಇದಕ್ಕೇ ಅಂತ ಒಂದು ಸೆಂಟರ್ ಇದೆ. 1960ರ ದಶಕದ ಕೊನೆಯಿಂದ ಅಲ್ಲಿಂದ ರಿಸರ್ಚ್ ಸಿಗರೇಟು ಲ್ಯಾಬ್‌ಗಳಿಗೆ ಹೋಗ್ತಿವೆ. ಹಳಬರು ಪೇಪರ್‌ಗಳಲ್ಲಿ 3ಆರ್4ಎಫ್ ಅಂತ ನೋಡಿರ್ತೀರ, ಈಗ ಬಳಸೋದು 1ಆರ್6ಎಫ್. ಒಂದೇ ಸಲ ದೊಡ್ಡ ಲಾಟ್ ಮಾಡಿಸಿ, ಹಲವು ಲ್ಯಾಬ್‌ಗಳಲ್ಲಿ ಅಳೆದು, ಸರ್ಟಿಫಿಕೇಟಲ್ಲಿ ನಂಬರ್ ಬರೆದು ಕೊಡ್ತಾರೆ. ನಿಮ್ಮ ಲ್ಯಾಬಲ್ಲಿ ಆ ನಂಬರ್ ಹತ್ತಿರ ಬರ್ಲಿಲ್ಲ ಅಂದ್ರೆ ಸಿಗರೇಟಲ್ಲಿ ತಪ್ಪು ಹುಡುಕಬೇಡಿ, ನಿಮ್ಮ ಮೆಷಿನ್ ನೋಡ್ಕೊಳಿ.

ಸೇದ್ಸೋದು ಹೇಗೆ ಅಂತ ಕೇಳ್ತಾರೆ. ಮೊದಲು ಸಿಗರೇಟನ್ನ 22 ಡಿಗ್ರಿ, 60 ಪರ್ಸೆಂಟ್ ತೇವಾಂಶದಲ್ಲಿ ಕನಿಷ್ಠ 48 ಗಂಟೆ ಇಡಬೇಕು, ಅವಸರ ಮಾಡಿ ಫ್ರೀಜರಿಂದ ತೆಗೆದು ನೇರ ಮೆಷಿನ್‌ಗೆ ಹಾಕಿದ್ರೆ ಇಡೀ ದಿನದ ಡೇಟಾ ವೇಸ್ಟ್. ಆಮೇಲೆ ಮೆಷಿನ್ ಎಳಿಯತ್ತೆ. ಐಎಸ್‌ಒ, ಅಂದ್ರೆ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆಯ ಲೆಕ್ಕದಲ್ಲಿ ನಿಮಿಷಕ್ಕೊಂದು ದಮ್ಮು, 35 ಮಿಲಿ, 2 ಸೆಕೆಂಡು. ಕೆನಡಾ ಇಂಟೆನ್ಸ್ ಅಂತ ಇನ್ನೊಂದು ಲೆಕ್ಕ ಇದೆ, ಅದರಲ್ಲಿ 30 ಸೆಕೆಂಡಿಗೊಂದು ದಮ್ಮು, 55 ಮಿಲಿ, ಜೊತೆಗೆ ಫಿಲ್ಟರ್ ಸುತ್ತ ಇರೋ ಸಣ್ಣ ಸಣ್ಣ ತೂತುಗಳನ್ನ ಟೇಪ್ ಸುತ್ತಿ ಮುಚ್ಚಿಬಿಡ್ತಾರೆ. ಹೊಗೆ ಒಂದು ಗ್ಲಾಸ್ ಫೈಬರ್ ಪ್ಯಾಡ್ ಮೇಲೆ ಕೂರತ್ತೆ, ಬೆಳ್ಳಗಿದ್ದ ಪ್ಯಾಡು ಬೆಲ್ಲದ ಬಣ್ಣಕ್ಕೆ ತಿರುಗತ್ತೆ, ಅದನ್ನ ತೂಗಿ, ತೊಳೆದು, ನಿಕೋಟಿನ್ ಅಳೀತಾರೆ. ಅದೇ 1ಆರ್6ಎಫ್‌ಗೆ ಮೊದಲ ಲೆಕ್ಕದಲ್ಲಿ ಸಿಗರೇಟಿಗೆ ಸುಮಾರು 0.7 ಮಿಲಿಗ್ರಾಂ ನಿಕೋಟಿನ್, ಎರಡನೇದರಲ್ಲಿ ಸುಮಾರು 1.9. ಸಿಗರೇಟ್ ಬದಲಾಗಿಲ್ಲ, ಎಳೆಯೋ ರೀತಿ ಬದಲಾಗಿದ್ದಷ್ಟೇ. ಈಗ ಹೇಳಿ, 'ಲೈಟ್' ಸಿಗರೇಟು ಅಂತ ದಶಕಗಟ್ಟಲೆ ಮಾರಿದ್ರಲ್ಲ, ಅದರ ಗುಟ್ಟು ಆ ತೂತುಗಳಲ್ಲೇ ಇತ್ತು. ಮೆಷಿನ್ ಬಾಯಲ್ಲಿ ತೂತು ತೆರೆದಿರತ್ತೆ, ಮನುಷ್ಯನ ಬಾಯಲ್ಲಿ ತುಟಿ, ಬೆರಳು ಮುಚ್ಕೊಳತ್ತೆ.

ಹೊಗೆ ಇಲ್ಲದ ತಂಬಾಕಿಗೂ, ಅಂದ್ರೆ ಸ್ನೂಸ್ (ತುಟಿ ಒಳಗೆ ಇಟ್ಕೊಳ್ಳೋ ತಂಬಾಕು), ನಶ್ಯ, ಜಗಿಯೋ ಎಲೆ, ಇವಕ್ಕೂ ರೆಫರೆನ್ಸ್ ಪ್ರಾಡಕ್ಟ್ ಇದೆ.

ಮನುಷ್ಯರಿಗೆ ಕೊಡೋ ಸ್ಟಡಿಗೂ ಇದೇ ಸಿಗರೇಟಾ?

ಇಲ್ಲ ಇಲ್ಲ, ರೆಫರೆನ್ಸ್ ಸಿಗರೇಟು ಮೆಷಿನ್‌ಗೆ, ಲ್ಯಾಬಿಗೆ ಮಾತ್ರ. ಮನುಷ್ಯರ ಸ್ಟಡಿಗೆ ನೈಡಾ, ಅಂದ್ರೆ ಅಮೆರಿಕ ಸರ್ಕಾರದ ಆರೋಗ್ಯ ರಿಸರ್ಚ್ ಸಂಸ್ಥೆ ಎನ್‌ಐಎಚ್‌ನ ಡ್ರಗ್ ಅಬ್ಯೂಸ್ ವಿಭಾಗ, ಸ್ಪೆಕ್ಟ್ರಮ್ ಅಂತ ರಿಸರ್ಚ್ ಸಿಗರೇಟು ಮಾಡಿಸಿ ಕೊಡ್ತು, ನೋಡೋಕೆ ಎಲ್ಲಾ ಒಂದೇ ತರ, ಒಳಗೆ ನಿಕೋಟಿನ್ ಮಾತ್ರ ಬೇರೆ ಬೇರೆ ಮಟ್ಟ.

ಈ ಇಡೀ ಪುಟದಲ್ಲಿ ಒಂದೇ ಉದಾಹರಣೆ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳಿ. 2015ರಲ್ಲಿ ಎರಿಕ್ ಡಾನಿ, ಡೊರೊಥಿ ಹಟ್ಸುಕಾಮಿ ಮತ್ತೆ ಜೊತೆಗಾರರು ಒಂದು ಟ್ರಯಲ್ ಪ್ರಕಟಿಸಿದ್ರು. 840 ಜನ, 10 ಜಾಗ, 6 ವಾರ. ಗ್ರಾಂ ತಂಬಾಕಿಗೆ 15.8 ಮಿಲಿಗ್ರಾಂ ನಿಕೋಟಿನ್ ಇರೋದರಿಂದ ಹಿಡಿದು 0.4 ಇರೋವರೆಗೂ ಬೇರೆ ಬೇರೆ ಸಿಗರೇಟ್ ಕೊಟ್ರು. ನಿಕೋಟಿನ್ ಕಡಿಮೆ ಇದ್ರೆ ಜಾಸ್ತಿ ಸೇದಿ ಸರಿ ಮಾಡ್ಕೋತಾರೆ ಅಂತ ಎಲ್ಲರಿಗೂ ಅನುಮಾನ ಇತ್ತು. ಆಗಿದ್ದು ಉಲ್ಟಾ, ತುಂಬಾ ಕಡಿಮೆ ನಿಕೋಟಿನ್ ಸಿಕ್ಕವರು ಕೊನೇಲಿ ದಿನಕ್ಕೆ ಸುಮಾರು 15 ಸೇದ್ತಿದ್ರು, ಮಾಮೂಲಿ ಮಟ್ಟದವರು 21. ಹತ್ತು ವರ್ಷ ಆದ್ಮೇಲೆ, 2025ರ ಜನವರಿಯಲ್ಲಿ, ಗ್ರಾಂಗೆ 0.7 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದು ಅಂತ ಎಫ್‌ಡಿಎ ಒಂದು ರೂಲ್ ಪ್ರಸ್ತಾಪ ಮಾಡ್ತು. ಪ್ರಸ್ತಾಪ ಅಷ್ಟೇ, ಜಾರಿ ಅಲ್ಲ. ಆದ್ರೆ ಹತ್ತು ಜಾಗದ ರಿಸರ್ಚರ್‌ಗಳಿಗೂ ಒಂದೇ ಕಡೆಯಿಂದ ಅದೇ ಸಿಗರೇಟು ಬರ್ದೇ ಇದ್ದಿದ್ರೆ ಈ ಟ್ರಯಲ್ಲೇ ಆಗ್ತಿರಲಿಲ್ಲ.

ಇ-ಸಿಗರೇಟಿಗೂ ನೈಡಾ ಹೀಗೇ ಎಸ್‌ಆರ್‌ಇಸಿ ಅಂತ ಒಂದು ಸ್ಟ್ಯಾಂಡರ್ಡ್ ಡಿವೈಸ್ ಮಾಡಿಸಿದೆ. ಅಂಗಡಿ ವೇಪ್ ತಗೊಂಡು ಸ್ಟಡಿ ಶುರು ಮಾಡಿದ್ರೆ ಸ್ಟಡಿ ಮುಗಿಯೋ ಹೊತ್ತಿಗೆ ಆ ಮಾಡೆಲ್ಲೇ ಮಾರ್ಕೆಟಲ್ಲಿ ಇರಲ್ಲ, ಅದೇ ಕಾರಣ. ಇನ್ನೊಂದು ಮಾತು, ಇ-ಸಿಗರೇಟ್ ಕೊಟ್ಟು 'ಸಿಗರೇಟ್ ಬಿಡಿಸ್ತೀವಿ' ಅಂತ ನಿಮ್ಮ ಪ್ರೊಟೋಕಾಲಲ್ಲಿ ಬರೆದ್ರೆ ಅದು ಔಷಧದ ಲೆಕ್ಕಕ್ಕೆ ಹೋಗತ್ತೆ, ಎಫ್‌ಡಿಎಯ ಔಷಧ ವಿಭಾಗದ ಐಎನ್‌ಡಿ ಪರ್ಮಿಷನ್, ಅಂದ್ರೆ ಹೊಸ ಔಷಧ ಮನುಷ್ಯರ ಮೇಲೆ ಟೆಸ್ಟ್ ಮಾಡೋಕೆ ಅನುಮತಿ, ಬೇಕಾಗತ್ತೆ. ಒಂದು ವಾಕ್ಯದಿಂದ ತಿಂಗಳುಗಟ್ಟಲೆ ಲೇಟ್ ಆಗೋ ಜಾಗ ಇದು, ಗೈಡ್ ಹತ್ರ ಮೊದಲೇ ಮಾತಾಡಿ.

ಪಾತ್ ಸ್ಟಡಿ ಅಂತ ಎಲ್ಲರೂ ಹೇಳ್ತಾರಲ್ಲ, ಅದೇನು?

ಎಫ್‌ಡಿಎ, ನೈಡಾ ಸೇರಿ ನಡೆಸ್ತಿರೋ ದೊಡ್ಡ ಸರ್ವೆ. ವಿಶೇಷ ಏನಂದ್ರೆ ಪ್ರತೀ ಸಲ ಹೊಸಬರನ್ನ ಹಿಡಿಯಲ್ಲ, ಅದೇ ಜನರನ್ನ ಮತ್ತೆ ಮತ್ತೆ ಕೇಳ್ತಾರೆ. ಮೊದಲ ಸುತ್ತು 2013ರ ಸೆಪ್ಟೆಂಬರಿಂದ 2014ರ ಡಿಸೆಂಬರ್‌ವರೆಗೆ, 12 ವರ್ಷ ಮೇಲ್ಪಟ್ಟ 45,971 ಜನ. ಆಗ 13 ವರ್ಷ ಇದ್ದ ಹುಡುಗ ಈಗ ಇಪ್ಪತ್ತು ದಾಟಿದಾನೆ, ಅವನು ವೇಪ್‌ನಿಂದ ಸಿಗರೇಟಿಗೆ ಹೋದ್ನಾ, ಸಿಗರೇಟಿಂದ ವೇಪ್‌ಗೆ ಬಂದ್ನಾ, ಎರಡೂ ಬಿಟ್ನಾ ಅನ್ನೋದೆಲ್ಲ ಸಾಲಾಗಿ ಸಿಗತ್ತೆ. ಒಂದು ಸಲದ ಸರ್ವೆಯಿಂದ ಇದು ಗೊತ್ತಾಗೋಕೆ ಸಾಧ್ಯಾನೇ ಇಲ್ಲ.

ಡೇಟಾ ಫ್ರೀನಾ? ಯಾರು ಬೇಕಾದ್ರೂ ತಗೋಬಹುದಾ?

ಪಬ್ಲಿಕ್ ಯೂಸ್ ಫೈಲ್‌ಗಳು ಫ್ರೀ, ಮಿಷಿಗನ್ ಯೂನಿವರ್ಸಿಟಿಯ ಐಸಿಪಿಎಸ್‌ಆರ್ ಅನ್ನೋ ಡೇಟಾ ಭಂಡಾರದ ಸೈಟಲ್ಲಿ ಅಕೌಂಟ್ ಮಾಡ್ಕೊಂಡು ಡೌನ್‌ಲೋಡ್ ಮಾಡೋದು. ಕ್ಲಾಸ್ ಪ್ರಾಜೆಕ್ಟಿಗೆ, ಥೀಸಿಸ್ ಐಡಿಯಾ ಟೆಸ್ಟ್ ಮಾಡೋಕೆ ಇದು ಧಾರಾಳ ಸಾಕು.

ವಯಸ್ಸು ನಿಖರವಾಗಿ ಬೇಕು, ಇನ್ನೂ ಸೂಕ್ಷ್ಮ ವಿವರ ಬೇಕು ಅಂದ್ರೆ ರಿಸ್ಟ್ರಿಕ್ಟೆಡ್ ಫೈಲು. ಅದಕ್ಕೆ ಅರ್ಜಿ, ನಿಮ್ಮ ಯೂನಿವರ್ಸಿಟಿಯ ಸಹಿ, ಎಲ್ಲಾ ಆಗಬೇಕು. ಆಮೇಲೂ ಡೇಟಾ ನಿಮ್ಮ ಲ್ಯಾಪ್‌ಟಾಪಿಗೆ ಬರಲ್ಲ, ಅವರ ಸರ್ವರ್‌ನ ಡೆಸ್ಕ್‌ಟಾಪ್ ನಿಮ್ಮ ಸ್ಕ್ರೀನಲ್ಲಿ ಕಾಣತ್ತೆ, ಅದರೊಳಗೇ ಕೂತು ಅನಾಲಿಸಿಸ್ ಮಾಡಬೇಕು, ಅಲ್ಲಿಂದ ಹೊರಗೆ ಕಾಪಿ ಪೇಸ್ಟ್ ಮಾಡೋ ಹಾಗಿಲ್ಲ. ರಿಸಲ್ಟ್ ಟೇಬಲ್ ಹೊರಗೆ ಬೇಕು ಅಂದ್ರೆ ರಿಕ್ವೆಸ್ಟ್ ಹಾಕಬೇಕು, ಅಲ್ಲಿನ ಸಿಬ್ಬಂದಿ ನೋಡಿ, ಯಾರ ಗುರುತೂ ಬಿಟ್ಟುಕೊಡಲ್ಲ ಅಂತ ಗ್ಯಾರಂಟಿ ಮಾಡ್ಕೊಂಡು ಕಳಿಸ್ತಾರೆ. ಕಾನ್ಫರೆನ್ಸ್ ಡೆಡ್‌ಲೈನ್ ಹಿಂದಿನ ದಿನ ರಿಕ್ವೆಸ್ಟ್ ಹಾಕಿ ಗೋಳಾಡೋರು ಪ್ರತೀ ವರ್ಷ ಇರ್ತಾರೆ.

ಪಾತ್ ಡೇಟಾದಲ್ಲಿ ನನ್ನ ಸ್ಟ್ಯಾಂಡರ್ಡ್ ಎರರ್‌ಗಳು (ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನೋ ಲೆಕ್ಕ) ಪಬ್ಲಿಷ್ ಆದ ಪೇಪರ್ ಜೊತೆ ಮ್ಯಾಚ್ ಆಗ್ತಿಲ್ಲ, ಯಾಕೆ?

ವೇಟ್, ಅಂದ್ರೆ ಒಬ್ಬೊಬ್ಬರ ಉತ್ತರ ಎಷ್ಟು ಜನರ ಲೆಕ್ಕಕ್ಕೆ ಅನ್ನೋ ನಂಬರ್, ಹಾಕಿಲ್ಲ, ಅಥವಾ ಬರೀ ಮೇನ್ ವೇಟ್ ಹಾಕಿ ಬಿಟ್ಟಿದೀರ. ಪಾತ್‌ನಲ್ಲಿ ಸ್ಟ್ಯಾಂಡರ್ಡ್ ಎರರ್ ಲೆಕ್ಕ ಹಾಕೋಕೆ ಅಂತಾನೇ 100 ರೆಪ್ಲಿಕೇಟ್ ವೇಟ್ ಇವೆ, ವಿಧಾನ ಬಿಆರ್‌ಆರ್ (ಬ್ಯಾಲೆನ್ಸ್ಡ್ ರಿಪೀಟೆಡ್ ರೆಪ್ಲಿಕೇಷನ್), ಫೇ ಅಡ್ಜಸ್ಟ್‌ಮೆಂಟ್ 0.3. ಆ 0.3 ಮರೆತ್ರೆ ಸಾಫ್ಟ್‌ವೇರ್ ಎರರ್ ಏನೂ ತೋರ್ಸಲ್ಲ, ಸುಮ್ನೆ ತಪ್ಪು ಉತ್ತರ ಕೊಟ್ಟು ಕೂರತ್ತೆ. ಎರಡು ಸುತ್ತು ಸೇರಿಸಿ ನೋಡೋದಾದ್ರೆ ಯಾವ ಸುತ್ತಿನ ಯಾವ ವೇಟ್ ಅಂತ ಯೂಸರ್ ಗೈಡಲ್ಲಿ ಇದೆ, ಗೈಡ್ ದಪ್ಪ ಇದೆ ನಿಜ, ಆದ್ರೂ ಆ ಚಾಪ್ಟರ್ ಓದ್ದೇ ಕೋಡ್ ಬರೀಬೇಡಿ.

ರಕ್ತ, ಮೂತ್ರದ ಸ್ಯಾಂಪಲ್ ಕೂಡ ಸಿಗತ್ತಂತೆ, ಹೌದಾ?

ಹೌದು. ಪಾತ್‌ನಲ್ಲಿ ವಯಸ್ಕರಿಂದ ಮೂತ್ರ, ರಕ್ತ ತಗೊಂಡು ಇಟ್ಟಿದಾರೆ. ಕೊಟಿನಿನ್ (ದೇಹದೊಳಗೆ ನಿಕೋಟಿನ್‌ನಿಂದ ಆಗೋ ವಸ್ತು) ತರದ್ದನ್ನ ಆಗಲೇ ಅಳೆದು ಡೇಟಾ ಇಟ್ಟಿದಾರೆ, ಹಾಗಾಗಿ ಹೆಚ್ಚಿನವರಿಗೆ ಸ್ಯಾಂಪಲ್ಲೇ ಬೇಕಾಗಲ್ಲ, ನಂಬರ್ ಸಾಕು. ನಿಜವಾಗ್ಲೂ ಹೊಸದೇನೋ ಅಳೀಬೇಕು ಅಂದ್ರೆ ಸ್ಯಾಂಪಲ್‌ಗೇ ಅರ್ಜಿ ಹಾಕೋ ದಾರಿ ಇದೆ, ಆದ್ರೆ ಪ್ರಶ್ನೆ ಗಟ್ಟಿ ಇರಬೇಕು. ಡೇಟಾನ ಎಷ್ಟು ಸಲ ಬೇಕಾದ್ರೂ ಕಾಪಿ ಮಾಡಬಹುದು, ಮೂತ್ರ ಖರ್ಚಾದ್ರೆ ಖರ್ಚಾಯ್ತು.

ನಾನೇ ಸಣ್ಣ ಸರ್ವೆ ಮಾಡ್ತಿದೀನಿ, ಪ್ರಶ್ನೆ ನಾನೇ ಬರೀಬಹುದಾ?

ಬರೀಬೇಡಿ. ಫೀನ್‌ಎಕ್ಸ್ ಟೂಲ್‌ಕಿಟ್ ಅಂತ ಇದೆ, ಫ್ರೀ, ತಂಬಾಕು ರೆಗ್ಯುಲೇಟರಿ ರಿಸರ್ಚ್‌ಗೆ ಅಂತಾನೇ ಆರಿಸಿದ ಪ್ರಶ್ನೆಗಳ ಸೆಟ್ ಅದರಲ್ಲಿದೆ. ಉದಾಹರಣೆಗೆ ಚಟ ಎಷ್ಟು ಗಟ್ಟಿ ಅಂತ ತಿಳಿಯೋಕೆ ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಅಂತ ಕೇಳ್ತಾರೆ, 5 ನಿಮಿಷದೊಳಗೆ, 6ರಿಂದ 30, 31ರಿಂದ 60, ಒಂದು ಗಂಟೆ ಆದ್ಮೇಲೆ. ನೀವು 'ಬೇಗ, ಲೇಟಾಗಿ' ಅಂತ ಕೇಳಿದ್ರೆ ನಿಮ್ಮ ಸರ್ವೆ ಯಾರ ಸರ್ವೆ ಜೊತೆಗೂ ಸೇರಲ್ಲ.

ಟಿಕೋರ್ಸ್ ಸೆಂಟರ್ ಅಂದ್ರೆ? ಅಲ್ಲಿ ಕೆಲಸ ಸಿಕ್ಕಿದೆ, ಸೇರಬಹುದಾ?

ಸೇರಿ, ಯೋಚನೆ ಏನು. ಎಫ್‌ಡಿಎ ದುಡ್ಡು, ಎನ್‌ಐಎಚ್ ಉಸ್ತುವಾರಿ, ಯೂನಿವರ್ಸಿಟಿಗಳಲ್ಲಿ ಇರೋ ತಂಬಾಕು ರಿಸರ್ಚ್ ಸೆಂಟರ್‌ಗಳು ಇವು. 2013ರಲ್ಲಿ 14 ಇದ್ವು, 2018ರಲ್ಲಿ 9, 2023ರ ಸುತ್ತಲ್ಲಿ 7. ಕಡಿಮೆ ಆಗ್ತಾ ಬಂದಿದೆ ಅನ್ನೋದು ಕಣ್ಣಿಗೆ ಕಾಣೋ ವಿಷಯ. ಸೆಂಟರ್‌ಗಳ ನಡುವೆ ಹೊಂದಾಣಿಕೆ ಮಾಡೋಕೆ ಕೇಸೆಲ್ ಅಂತ ಒಂದು ಕೋಆರ್ಡಿನೇಷನ್ ಸೆಂಟರ್ ಕೂಡ ಮಾಡಿದ್ರು. ಕೇಳೋಕೆ ಬರೀ ಮೀಟಿಂಗು, ಇಮೇಲು ಅನ್ಸತ್ತೆ, ಆದ್ರೆ ಒಂದೇ ತರದ ಕೆಲಸ ಮಾಡ್ತಿರೋ ಗ್ರೂಪುಗಳು ಒಬ್ಬರಿಗೊಬ್ಬರು ಗೊತ್ತೇ ಇಲ್ಲದೆ ವರ್ಷಗಟ್ಟಲೆ ಇರೋದು ಯೂನಿವರ್ಸಿಟಿ ಜಗತ್ತಲ್ಲಿ ಹೊಸದೇನಲ್ಲ.

ದುಡ್ಡು ಯಾರದ್ದು? ಟ್ಯಾಕ್ಸ್ ಕಟ್ಟೋರದ್ದಾ?

ತಂಬಾಕು ಕಂಪನಿಗಳದ್ದು, ಆದ್ರೆ ಅವರ ಇಷ್ಟಕ್ಕೆ ಬಿಟ್ಟಿದ್ದಲ್ಲ. ಕಾಯ್ದೆ ಪ್ರಕಾರ ಅವರು ಎಫ್‌ಡಿಎಗೆ ಯೂಸರ್ ಫೀ ಕಟ್ಟಬೇಕು, 2019ರ ಹಣಕಾಸು ವರ್ಷದಿಂದ ಒಟ್ಟು ವರ್ಷಕ್ಕೆ 71.2 ಕೋಟಿ ಡಾಲರ್. ತಮಾಷೆ ಏನಂದ್ರೆ ಫೀ ಕಟ್ಟೋ ಪಟ್ಟಿ 2009ರ ಕಾಯ್ದೇಲೇ ಬರೆದು ಹೋಗಿದೆ, ಸಿಗರೇಟು, ಸಿಗಾರು, ನಶ್ಯ, ಜಗಿಯೋ ತಂಬಾಕು, ಪೈಪು, ಕೈಯಲ್ಲಿ ಸುತ್ಕೊಳ್ಳೋ ತಂಬಾಕು, ಅಷ್ಟೇ. ಎಫ್‌ಡಿಎ ಟೇಬಲ್ ಮೇಲೆ ಗುಡ್ಡೆ ಗುಡ್ಡೆ ಅರ್ಜಿ ತಂದು ಸುರಿದ ಇ-ಸಿಗರೇಟ್ ಕಂಪನಿಗಳು ಆ ಪಟ್ಟೀಲಿ ಇಲ್ಲ.

ನನ್ನ ಐಡಿಯಾ ಸಿಗರೇಟ್ ಟ್ಯಾಕ್ಸ್ ಬಗ್ಗೆ, ಈ ಎಫ್‌ಡಿಎ ದುಡ್ಡಿನ ಗ್ರಾಂಟಿಗೆ ಹಾಕಬಹುದಾ?

ಇದನ್ನ ಕೇಳದೇ ಇರೋರೇ ಇಲ್ಲ. ಆಗಲ್ಲ. ಎಫ್‌ಡಿಎ ಟ್ಯಾಕ್ಸ್ ಏರಿಸೋ ಹಾಗಿಲ್ಲ, ಹೋಟೆಲಲ್ಲಿ ಸೇದಬೇಡಿ ಅನ್ನೋ ಹಾಗಿಲ್ಲ, ಸಿಗರೇಟನ್ನ ಪೂರ್ತಿ ಬ್ಯಾನ್ ಮಾಡೋ ಹಾಗಿಲ್ಲ, ನಿಕೋಟಿನ್ ಸೊನ್ನೆಗೆ ಇಳಿಸೋ ಹಾಗೂ ಇಲ್ಲ. ಅದರ ಕೈಯಲ್ಲಿ ಇಲ್ಲದ ವಿಷಯಕ್ಕೆ ಈ ದುಡ್ಡು ಇಲ್ಲ. ಐಡಿಯಾ ಎಷ್ಟೇ ಚೆನ್ನಾಗಿದ್ರೂ 'ಇದರಿಂದ ಎಫ್‌ಡಿಎ ಯಾವ ನಿರ್ಧಾರ ತಗೋಬಹುದು' ಅನ್ನೋದಕ್ಕೆ ಒಂದು ಸಾಲಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಬೇರೆ ಗ್ರಾಂಟ್ ಹುಡ್ಕೊಳಿ, ಎನ್‌ಐಎಚ್‌ನಲ್ಲೇ ಬೇರೆ ದಾರಿಗಳಿವೆ.

ತಂಬಾಕು ಕಂಪನಿಗಳ ಒಳಗಿನ ಕಾಗದ ಪತ್ರ ಓದಬಹುದು ಅಂತ ಕೇಳಿದೀನಿ, ನಿಜಾನಾ?

ನಿಜ, ಮತ್ತೆ ಈ ಎಲ್ಲಾ ಸೌಲಭ್ಯಗಳಲ್ಲಿ ನಂಗೆ ಇಷ್ಟದ್ದು ಇದೇ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಟಾಂಟನ್ ಗ್ಲಾಂಟ್ಜ್ ಅವರಿಗೆ ಒಂದು ಸಿಗರೇಟ್ ಕಂಪನಿಯ ಒಳಗಿನ ಪತ್ರಗಳ ಡಬ್ಬ ಬಂತು, ಕಳಿಸಿದವರ ಹೆಸರಿನ ಜಾಗದಲ್ಲಿ 'ಮಿಸ್ಟರ್ ಬಟ್ಸ್' ಅಂತ ಇತ್ತು. ಆಮೇಲೆ 1998ರಲ್ಲಿ 46 ರಾಜ್ಯಗಳ ಜೊತೆ ಆದ ದೊಡ್ಡ ಒಪ್ಪಂದದಲ್ಲಿ ಕಂಪನಿಗಳು ಲಕ್ಷಗಟ್ಟಲೆ ಪತ್ರ ಬಿಚ್ಚಿಡಬೇಕಾಯ್ತು. 2002ರಿಂದ ಅದೇ ಯೂನಿವರ್ಸಿಟಿ ಅವನ್ನೆಲ್ಲ ಆನ್‌ಲೈನ್ ಇಟ್ಟಿದೆ, ಈಗ ಒಂದು ಕೋಟಿಗಿಂತ ಜಾಸ್ತಿ ಡಾಕ್ಯುಮೆಂಟು, ಅಕೌಂಟ್ ಬೇಡ, ದುಡ್ಡು ಬೇಡ, ಹಾಸನದ ಮನೇಲಿ ಕೂತೂ ಹುಡುಕಬಹುದು. ಇಂಡಿಯಾ ಅಂತ ಹಾಕಿ ನೋಡಿ, ಒಂದು ಸಂಜೆ ಹೋಗಿದ್ದೇ ಗೊತ್ತಾಗಲ್ಲ. ಒಂದೇ ಎಚ್ಚರಿಕೆ, ಅಲ್ಲಿ ಸಿಗೋದು ಮೆಮೊ, ಡ್ರಾಫ್ಟು, ಒಬ್ಬ ಮ್ಯಾನೇಜರ್ ಇನ್ನೊಬ್ಬನಿಗೆ ಬರೆದ ಕಾಗದ, ಒಂದು ಮೆಮೊ ಸಿಕ್ತು ಅಂತ ಕಂಪನಿ ಹಾಗೇ ಮಾಡ್ತು ಅಂತ ಬರೆದುಬಿಡಬೇಡಿ, ಹಿಂದೆ ಮುಂದೆ ಇರೋ ಪತ್ರಗಳನ್ನೂ ಹುಡುಕಿ.

ಕಂಪನಿ ದುಡ್ಡಲ್ಲಿ ರಿಸರ್ಚ್ ಮಾಡಿದ್ರೆ ತಪ್ಪಾ?

ಕಾನೂನಿನ ಪ್ರಕಾರ ತಪ್ಪಲ್ಲ. ಆದ್ರೆ ದೊಡ್ಡ ಮೆಡಿಕಲ್ ಜರ್ನಲ್‌ಗಳಲ್ಲಿ ಪಿಎಲ್‌ಒಎಸ್ ಮೆಡಿಸಿನ್ 2010ರಿಂದ, ಬಿಎಂಜೆ 2013ರಿಂದ ಅಂಥ ಪೇಪರ್ ತಗೊಳಲ್ಲ. ಇನ್ನೂ ಪಿಎಚ್‌ಡಿ ಮುಗಿಸಿಲ್ಲ ಅಂದ್ರೆ ಈ ಬಾಗಿಲು ಮುಚ್ಕೊಳ್ಳೋ ಮುಂಚೆ ಎರಡು ಸಲ ಯೋಚನೆ ಮಾಡಿ.

ನಮ್ಮ ದೇಶದಲ್ಲಿ ಇಂಥದ್ದೇನಾದ್ರೂ ಇದೆಯಾ?

ಇದೆ, ಆದ್ರೆ ಬೇರೆ ರೂಪದಲ್ಲಿ. ನೋಯ್ಡಾ, ಮುಂಬೈ, ಗುವಾಹಟಿಯಲ್ಲಿ ರಾಷ್ಟ್ರೀಯ ತಂಬಾಕು ಟೆಸ್ಟಿಂಗ್ ಲ್ಯಾಬುಗಳನ್ನ 2019ರಲ್ಲಿ ಶುರು ಮಾಡಿದ್ರು. ಡಬ್ಲ್ಯುಎಚ್‌ಒದ ಟಾಬ್‌ಲ್ಯಾಬ್‌ನೆಟ್ ಅಂತ ಲ್ಯಾಬುಗಳ ಜಾಲ 2005ರಿಂದ ಇದೆ, ಯಾವ ದೇಶದ ಲ್ಯಾಬಾದ್ರೂ ಫಾಲೋ ಮಾಡಬಹುದಾದ ವಿಧಾನಗಳನ್ನ ಬರೆದು ಫ್ರೀ ಕೊಡತ್ತೆ. ಸರ್ವೆ ಕಡೆಗೆ ಬಂದ್ರೆ ಗ್ಯಾಟ್ಸ್, ಅಂದ್ರೆ ವಯಸ್ಕರ ತಂಬಾಕು ಬಳಕೆಯ ಜಾಗತಿಕ ಸರ್ವೆ, ಇದೆ, ಅದರ ಡೇಟಾನೂ ಡೌನ್‌ಲೋಡ್ ಮಾಡಬಹುದು. ಕರ್ನಾಟಕದಲ್ಲಿ ತಂಬಾಕು ಬಳಸೋ ವಯಸ್ಕರು 2009-10ರಲ್ಲಿ 28.2 ಪರ್ಸೆಂಟ್ ಇದ್ರು, 2016-17ರಲ್ಲಿ 22.8 ಅಂತ ಗೊತ್ತಾಗಿದ್ದು ಅದರಿಂದಲೇ, ಅದರಲ್ಲೂ ಸೇದೋರಿಗಿಂತ ಜಗಿಯೋರೇ ಜಾಸ್ತಿ. ಆದ್ರೆ ಗ್ಯಾಟ್ಸ್ ಪ್ರತೀ ಸಲ ಹೊಸಬರನ್ನ ಕೇಳೋ ಸರ್ವೆ, ಪಾತ್ ತರ ಅದೇ ಜನರ ಹಿಂದೆ ಹೋಗಲ್ಲ. ಇ-ಸಿಗರೇಟ್ ಪ್ರಶ್ನೆ ನಮ್ಮಲ್ಲಿ ಬೇರೆ ತರ ಮುಗೀತು, 2019ರಲ್ಲಿ ಪೂರ್ತಿ ಬ್ಯಾನ್, ಹಾಗಾಗಿ ಒಂದೊಂದು ಡಿವೈಸ್‌ನ ಟೆಸ್ಟ್ ಮಾಡಿ ಪರ್ಮಿಷನ್ ಕೊಡೋ ಅಮೆರಿಕದ ತಲೆನೋವು ಇಲ್ಲಿಲ್ಲ.

ಕೋರ್ಟಿನ ಕಥೆ ಮಾತ್ರ ಅಲ್ಲಿಗೂ ಇಲ್ಲಿಗೂ ಒಂದೇ. ಪ್ಯಾಕಿನ 85 ಪರ್ಸೆಂಟ್ ಎಚ್ಚರಿಕೆ ಚಿತ್ರದ ವಿರುದ್ಧ ದೇಶದ ಬೇರೆ ಬೇರೆ ಕಡೆ ಹಾಕಿದ್ದ ಕೇಸುಗಳೆಲ್ಲ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದ್ವು, 2017ರ ಡಿಸೆಂಬರಲ್ಲಿ ಹೈಕೋರ್ಟು ಆ ರೂಲ್ಸ್ ರದ್ದು ಮಾಡ್ತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಡ್ತು.

ಬೀಡಿ ಮೇಲೆ ಈ ಟೆಸ್ಟೆಲ್ಲ ನಡಿಯತ್ತಾ?

ಬೀಡಿ ನಿಮಿಷಕ್ಕೊಂದು ದಮ್ಮಿಗೆ ಬಗ್ಗಲ್ಲ, ಆರಿಹೋಗತ್ತೆ, ಬೀಡಿ ಸೇದೋರನ್ನ ನೋಡಿದವರಿಗೆ ಗೊತ್ತಿರತ್ತೆ, ಬಿಡದೆ ಎಳೀತಾ ಇರಬೇಕು. ಅದಕ್ಕೆ ಸಿಗರೇಟಿನ ಸೆಟ್ಟಿಂಗ್ ಹಾಗೇ ಹಾಕೋಕಾಗಲ್ಲ, ಬೇರೆ ಲೆಕ್ಕ ಬೇಕು. ಇನ್ನೊಂದು ಗೊತ್ತಾ, ಮಾರ್ಕೆಟಲ್ಲಿ ಇರೋ ತಂಬಾಕು ಪ್ರಾಡಕ್ಟ್‌ನ ಮಾರಬೇಡಿ ಅಂತ ಎಫ್‌ಡಿಎ ಈ ಕಾಯ್ದೆ ಕೆಳಗೆ ಮೊಟ್ಟಮೊದಲು ಆರ್ಡರ್ ಕೊಟ್ಟಿದ್ದು ಬೀಡಿಗೇ, 2014ರ ಫೆಬ್ರವರಿಯಲ್ಲಿ, ಸೂತ್ರ ಅನ್ನೋ ಬ್ರಾಂಡಿನ ನಾಲ್ಕು ಬಗೆ. 2007ರ ಫೆಬ್ರವರಿ 15ಕ್ಕೆ ಮಾರ್ಕೆಟಲ್ಲಿದ್ದ ಪ್ರಾಡಕ್ಟಿಗೆ ಇದು ಸಮ ಅಂತ ತೋರಿಸೋ ಮಾಹಿತಿ ಕಂಪನಿ ಕೊಡ್ಲಿಲ್ಲ, ಅಷ್ಟೇ ಕಾರಣ.

2025ರಲ್ಲಿ ಎಲ್ಲಾ ಮುಚ್ಚಿಹೋಯ್ತಂತೆ?

ಎಲ್ಲಾ ಅಲ್ಲ, ಆದ್ರೆ ಪೆಟ್ಟು ಬಿದ್ದಿದ್ದು ನಿಜ. 2025ರ ಏಪ್ರಿಲ್ ಮೊದಲ ವಾರದಲ್ಲಿ ಎಫ್‌ಡಿಎ ತಂಬಾಕು ವಿಭಾಗದ ಮುಖ್ಯಸ್ಥರನ್ನ ತೆಗೆದ್ರು, ಸಿಬ್ಬಂದಿ ಕಡಿತ ಆಯ್ತು, ರೋಗ ತಡೆ ನೋಡ್ಕೊಳ್ಳೋ ಸಿಡಿಸಿಯ ಸ್ಮೋಕಿಂಗ್ ಆಫೀಸನ್ನೂ ಖಾಲಿ ಮಾಡಿದ್ರು. ಅದೇ ವಾರ, ಏಪ್ರಿಲ್ 2ಕ್ಕೆ, ಫ್ಲೇವರ್ ಇ-ಸಿಗರೇಟ್ ಅರ್ಜಿಗಳನ್ನ ಎಫ್‌ಡಿಎ ತಿರಸ್ಕರಿಸಿದ ಕೇಸಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಎಫ್‌ಡಿಎ ಪರ ತೀರ್ಪು ಕೊಡ್ತು. ಕೇಸ್ ಗೆದ್ದ ವಾರವೇ ಆಫೀಸು ಖಾಲಿ, ಏನ್ ಹೇಳೋದು. ಹಳೇ ಡೇಟಾ ಎಲ್ಲೂ ಹೋಗಲ್ಲ, ಆದ್ರೆ ಅದೇ ಜನರನ್ನ ವರ್ಷಗಟ್ಟಲೆ ಕೇಳ್ತಾ ಹೋಗೋ ಸರ್ವೆ ಒಂದು ಸುತ್ತು ತಪ್ಪಿದ್ರೆ ಆ ಸುತ್ತನ್ನ ಆಮೇಲೆ ಎಷ್ಟು ದುಡ್ಡು ಕೊಟ್ರೂ ತುಂಬೋಕಾಗಲ್ಲ.

ಸರಿ, ಎಲ್ಲಿಂದ ಶುರು ಮಾಡ್ಲಿ?

ಪಾತ್‌ನ ಪಬ್ಲಿಕ್ ಫೈಲು ಮೊದಲ ಸುತ್ತಿಂದು ಇಳಿಸ್ಕೊಳಿ, ಈಗಾಗಲೇ ಪ್ರಕಟ ಆಗಿರೋ ಒಂದು ಪೇಪರ್‌ನ ಮೊದಲ ಟೇಬಲ್‌ನ ನೀವೇ ಮಾಡಿ ನೋಡಿ, ನಂಬರ್ ಮ್ಯಾಚ್ ಆಗೋವರೆಗೂ ಹೊಸ ಪ್ರಶ್ನೆಗೆ ಕೈ ಹಾಕಬೇಡಿ. ಲ್ಯಾಬ್ ಕಡೆಯವರಾದ್ರೆ ಮೊದಲು 1ಆರ್6ಎಫ್ ಅಳೆದು ಸರ್ಟಿಫಿಕೇಟ್ ಪಕ್ಕ ಇಟ್ಟು ನೋಡಿ, ಆಮೇಲೆ ನಿಮ್ಮ ಪ್ರಾಡಕ್ಟು. ಯಾವ ಡೇಟಾ ಬಳಸಿದ್ರಿ, ಯಾವ ವರ್ಷನ್, ಯಾವ ಲಾಟ್ ನಂಬರ್ ಅಂತ ಅವತ್ತೇ ಬರ್ದಿಡಿ, ರಿವ್ಯೂವರ್ ಕೇಳೋದು ಒಂದೂವರೆ ವರ್ಷ ಆದ್ಮೇಲೆ.